ಚೈನ್‌ಗೆ ಲ್ಯೂಬ್: ಹೊರಡುವ ಮುನ್ನವಲ್ಲ, ಬಂದ ಮೇಲೆ
ಮೀಟಿಯೋರ್ 350, ಕ್ಲಾಸಿಕ್ 350ರಂತಹ ಬೈಕ್‌ಗಳ ಚೈನ್‌ಗೆ ಲ್ಯೂಬ್ (ಸವೆತ ತಡೆಯುವ ಜಿಡ್ಡಿನ ಎಣ್ಣೆ) ಹಾಕುವುದನ್ನು ಬೆಳಿಗ್ಗೆ ಹೊರಡುವ ಹೊತ್ತಿಗೆ ಇಟ್ಟುಕೊಳ್ಳದೆ, ಸಂಜೆ ಮನೆಗೆ ಬಂದ ಕೂಡಲೇ, ಚೈನ್ ಇನ್ನೂ ಬೆಚ್ಚಗಿರುವಾಗ ಧೂಳು ಒರೆಸಿ, ಸ್ಪ್ರಾಕೆಟ್‌ನ (ಚೈನ್ ಓಡುವ ಹಲ್ಲಿನ ಚಕ್ರದ) ಹಲ್ಲುಗಳನ್ನು ಮುಟ್ಟುವ ಒಳಮೈಗೆ ಹಾಕಿರಿ. ಬೆಚ್ಚಗಿನ ಕೊಂಡಿಗಳ ಸಂದಿಗೆ ಲ್ಯೂಬ್ ಸುಲಭವಾಗಿ ಇಳಿಯುತ್ತದೆ; ರಾತ್ರಿಯಿಡೀ ನಿಂತಾಗ ಅದರೊಳಗಿನ ತೆಳು ದ್ರಾವಕ ಆರಿಹೋಗಿ ಲ್ಯೂಬ್ ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ, ಮರುದಿನ ದಾವಣಗೆರೆಯಿಂದ ಚಿತ್ರದುರ್ಗದವರೆಗಿನ ಸುಮಾರು 60 ಕಿ.ಮೀ. ಹೆದ್ದಾರಿಯಲ್ಲಿ ವೇಗವಾಗಿ ಹೋದರೂ ಅದು ಹಿಂದಿನ ಟೈರ್ ಮೇಲೆ ಸಿಡಿಯುವುದು ಬಹಳ ಕಡಿಮೆ. ಹಾಕುವಾಗ ಎಂಜಿನ್ ಆರಿಸಿ, ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಿಂದಲೇ ತಿರುಗಿಸಿರಿ. ಗೇರ್ ಹಾಕಿ ಎಂಜಿನ್‌ನಿಂದ ತಿರುಗಿಸಿದರೆ ಬೆರಳು ಸಿಲುಕಿ ತುಂಡಾಗಬಹುದು, ದಯವಿಟ್ಟು ಹಾಗೆ ಮಾಡಬೇಡಿ. ಹತ್ತು ನಿಮಿಷದ ನಂತರ ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಲೇಬೇಕು, ಇಲ್ಲವಾದರೆ ನಮ್ಮ ಬಯಲುಸೀಮೆಯ ಧೂಳು ಅದಕ್ಕೆ ಅಂಟಿ ಚೈನನ್ನೇ ಅರೆಯುತ್ತದೆ. ಮಳೆಯಲ್ಲಿ ನೆನೆದು ಬಂದ ದಿನ ಈ ಕ್ರಮ ಫಲಿಸುವುದಿಲ್ಲ, ಏಕೆಂದರೆ ಒದ್ದೆ ಲೋಹಕ್ಕೆ ಲ್ಯೂಬ್ ಹಿಡಿಯದು. ಆಗ ಚೈನ್ ಪೂರ್ಣವಾಗಿ ಒಣಗುವವರೆಗೆ ಕಾಯಬೇಕು. ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರಂತೂ ಯಾವ ಲ್ಯೂಬೂ ನೆರವಾಗದು, ಚೈನ್, ಸ್ಪ್ರಾಕೆಟ್‌ಗಳೆಲ್ಲ ಸೇರಿದ ಇಡೀ ಚೈನ್ ಸೆಟ್ಟನ್ನೇ ಬದಲಿಸಬೇಕಾಗುತ್ತದೆ.