ರೈಲುಹುಳದ ಬೋಗಿ ಎಣಿಸೋಣ ಬನ್ನಿ

ಸಂಡೂರಿನ ಗುಡ್ಡಕ್ಕೆ ಎರಡು ಒಳ್ಳೆ ಮಳೆ ಬಿದ್ದರೆ ಸಾಕು, ರೈಲುಹುಳಗಳು ಎಲ್ಲೆಲ್ಲಿಂದಲೋ ಹೊರಗೆ ಬರುತ್ತವೆ. ಮೈಯ ಒಂದೊಂದು ಉಂಗುರವೂ ಒಂದೊಂದು ಬೋಗಿ. ಪುಸ್ತಕದಲ್ಲಿ ಈ ಹುಳಕ್ಕೆ ಸಹಸ್ರಪದಿ ಅಂತಾರೆ. ಹೆಸರು ದೊಡ್ಡದು, ಕಾಲು ಅಷ್ಟಿಲ್ಲ. ನಿಜಕ್ಕೂ ಸಾವಿರ ದಾಟಿದ ಹುಳ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಅದಕ್ಕೆ 1,306 ಕಾಲು, ಹೆಸರಿಟ್ಟಿದ್ದು 2021ರಲ್ಲಿ. ಎಲ್ಲಿತ್ತು ಗೊತ್ತಾ? ಅದಿರು ಹುಡುಕಲು ಕೊರೆದ ಕೊಳವೆಯಲ್ಲಿ, 60 ಮೀಟರ್ ಆಳದಲ್ಲಿ! ನಮ್ಮ ಗಣಿ ಸೀಮೆಯಲ್ಲೂ ಎಷ್ಟು ಕೊರೆದಿದ್ದಾರೋ, ಯಾರಾದರೂ ಇಣುಕಿ ನೋಡಿದರೋ ಇಲ್ಲವೋ.

ಹೋಗುವುದು ಯಾವಾಗ?

ಜೂನ್‌ನ ಮೊದಲ ಮಳೆಯಿಂದ ಅಕ್ಟೋಬರ್‌ವರೆಗೆ. ನಮ್ಮ ಕಡೆ ಸೆಪ್ಟೆಂಬರ್‌ನಲ್ಲೇ ಮಳೆ ಜಾಸ್ತಿ, ಹಾಗಾಗಿ ಆ ತಿಂಗಳು ಬಿಡಬೇಡಿ. ಈ ಹುಳದ ಮೈಯಲ್ಲಿ ನೀರು ನಿಲ್ಲುವುದಿಲ್ಲ, ಬೇಗ ಆರುತ್ತದೆ. ಬಿಸಿಲೇರಿದರೆ ಮಣ್ಣಿನೊಳಗೆ ಇಳಿದುಬಿಡುತ್ತದೆ. ರಾತ್ರಿ ಮಳೆಯಾಗಿ ಬೆಳಿಗ್ಗೆ ಮೋಡ ಮುಚ್ಚಿದ ದಿನ ಹೊರಡಿ. ಮಬ್ಬುಗತ್ತಲಲ್ಲಿ ಮಾತ್ರ ಬೇಡ. ದರೋಜಿ ಕರಡಿಧಾಮ ದೂರವೇನಿಲ್ಲ, ಕರಡಿಗೆ ಧಾಮದ ಗಡಿ ಗೊತ್ತಿರುವುದಿಲ್ಲ. ಮೀಸಲು ಅರಣ್ಯಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ. ಮಕ್ಕಳ ಜೊತೆಗಾದರೆ ಹೊಲದ ಬದುವಿನ ಹೊಂಗೆ ಮರದ ಬುಡವೇ ಸಾಕು.

ಚೀಲದಲ್ಲಿ ಒಂದು ಭೂತಗನ್ನಡಿ, ಅಳತೆಪಟ್ಟಿ, ಬಿಳಿ ತಟ್ಟೆ, ಹಳೆಯ ಪೇಂಟ್ ಬ್ರಷ್, ನೋಟ್‌ಬುಕ್ ಇರಲಿ. ಮೊಬೈಲ್ ಹೇಗೂ ಇರುತ್ತದೆ.

ಎಲ್ಲಿ ನೋಡಬೇಕು?

ಕೊಳೆತ ಎಲೆಯೇ ಇದರ ಊಟ. ಹಾಗಾಗಿ ಬಿದ್ದ ಮರದ ಅಡಿ, ತರಗೆಲೆಯ ರಾಶಿ, ತೇವದ ಕಲ್ಲಿನ ಸಂದಿ ನೋಡಿ. ನಾನು ಮೊದಲು ಹುಡುಕುವುದು ಹುಳವನ್ನಲ್ಲ, ಬಿಳಿ ಬಳೆಗಳನ್ನು. ಸತ್ತ ರೈಲುಹುಳದ ಚಿಪ್ಪಿನಲ್ಲಿ ಸುಣ್ಣದ ಅಂಶ ಇರುತ್ತದೆ. ಬಣ್ಣ ಹೋಗಿ, ಕೀಲು ಬಿಟ್ಟು, ಗೊಂಬೆಯ ಬಳೆಯಂಥ ಪುಟ್ಟ ಉಂಗುರಗಳು ಕೆಂಪು ಮಣ್ಣಿನ ಮೇಲೆ ಚೆಲ್ಲಿರುತ್ತವೆ. ಬೆರಳಲ್ಲಿ ಒತ್ತಿದರೆ ಪಟ್ ಎಂದು ಪುಡಿ. ಬಳೆ ಕಂಡಲ್ಲಿ ಹತ್ತು ಹೆಜ್ಜೆಯೊಳಗೆ ಜೀವಂತ ಹುಳ ಹುಡುಕುತ್ತೇನೆ.

ಕಲ್ಲೆತ್ತುವಾಗ ಬೆರಳು ತೂರಿಸಬೇಡಿ. ಕೊಕ್ಕೆಕೋಲಿನಿಂದ ಆಚೆ ಅಂಚನ್ನು ನಿಮ್ಮ ಕಡೆಗೆ ಎಳೆದು ಎತ್ತಿ. ಅಡಿಯಲ್ಲಿ ಚೇಳೋ ಗರಗಸ ಮಂಡಲದ ಹಾವೋ ಇದ್ದರೆ ನಿಮಗೂ ಅದಕ್ಕೂ ನಡುವೆ ಕಲ್ಲಿರುತ್ತದೆ. ನೋಡಿಯಾದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ.

ಸಿಕ್ಕ ಹುಳವನ್ನು ಬ್ರಷ್‌ನಿಂದ ತಟ್ಟೆಗೆ ದೂಡಿ. ನಾನು ಒಮ್ಮೆ ಸುಮ್ನೆ ಕೈಯಲ್ಲಿ ಹಿಡಿದೆ. ಅದು ಸುರುಳಿ ಸುತ್ತಿ ಪಕ್ಕದ ತೂತುಗಳಿಂದ ರಸ ಬಿಟ್ಟಿತು. ಬೆರಳು ಕಂದು ಬಣ್ಣಕ್ಕೆ ತಿರುಗಿತು, ತೊಳೆದರೂ ಹೋಗಲಿಲ್ಲ. ‘ಗೋರಂಟಿ ಹಚ್ಕೊಂಡೀರೇನು?’ ಅಂತ ಮನೆಯಾಕೆ ನಕ್ಕಳು. ಅದೇ ಕೈ ಕಣ್ಣಿಗೆ ತಾಗಿದ್ದರೆ ನಗುವ ಮಾತಾಗಿರುತ್ತಿರಲಿಲ್ಲ.

ಗುರುತು ಹಿಡಿಯುವುದು

ಮೊದಲು ಜರಿಯೋ ರೈಲುಹುಳವೋ ನೋಡಿ. ಜರಿ ಸರಸರ ಓಡುತ್ತದೆ, ಕಚ್ಚುತ್ತದೆ. ಅದಕ್ಕೆ ಬೋಗಿಗೊಂದು ಜೊತೆ ಕಾಲು. ರೈಲುಹುಳಕ್ಕೆ ಬೋಗಿಗೆ ಎರಡು ಜೊತೆ. ಆದರೆ ಕುತ್ತಿಗೆಯ ಹತ್ತಿರ ಎಣಿಸಿದರೆ ಮೋಸ ಹೋಗುತ್ತೀರಿ. ಮೊದಲ ಬೋಗಿಗೆ ಕಾಲೇ ಇಲ್ಲ, ಮುಂದಿನ ಮೂರಕ್ಕೆ ಒಂದೊಂದೇ ಜೊತೆ. ಮೈಯ ನಡುಭಾಗ ನೋಡಿ. ನಡೆಯುವಾಗ ಕಾಲುಗಳ ಸಾಲಿನಲ್ಲಿ ಅಲೆ ಏಳುತ್ತದೆ, ಜೋಳದ ಹೊಲದ ಮೇಲೆ ಗಾಳಿ ಓಡಿದ ಹಾಗೆ. ನಾನಂತೂ ಎಣಿಸುವುದು ಮರೆತು ಅದನ್ನೇ ನೋಡುತ್ತಾ ಕೂತುಬಿಡುತ್ತೇನೆ.

ಆಮೇಲೆ ಆಕಾರ. ಪೆನ್ಸಿಲ್‌ನಂತೆ ದುಂಡಗೆ ಉದ್ದವಿದ್ದರೆ ಬೋಗಿ ನಲವತ್ತು, ಐವತ್ತು, ಇನ್ನೂ ಜಾಸ್ತಿ ಇರಬಹುದು. ಬೆನ್ನು ಚಪ್ಪಟೆಯಾಗಿ ಅಂಚು ರೆಕ್ಕೆಯಂತೆ ಚಾಚಿದ್ದರೆ ಅದು ಬೇರೆ ಗುಂಪು. ಬೋಗಿ ಸುಮಾರು 20, ಕಣ್ಣು ಇಲ್ಲವೇ ಇಲ್ಲ. ಗೋಲಿಯಂತೆ ಸುತ್ತಿಕೊಂಡಿದೆಯಾ? ತಡೆಯಿರಿ, ಮರದ ಹೇನು ಅನ್ನುವ ಪುಟ್ಟ ಜೀವಿಯೂ ಹಾಗೇ ಸುತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳುವವರೆಗೆ ಕಾದು ಕಾಲೆಣಿಸಿ. ಏಳೇ ಜೊತೆ ಇದ್ದರೆ ಅದು ಮರದ ಹೇನು. ಗೋಲಿಯಾಗುವ ರೈಲುಹುಳ ಪಶ್ಚಿಮ ಘಟ್ಟದಲ್ಲಿ ಸಾಮಾನ್ಯ.

ಉದ್ದ, ಬಣ್ಣ, ಕಾಲಿನ ಬಣ್ಣ, ಬೋಗಿ, ಬಾಲದ ತುದಿ ಚೂಪೋ ಮೊಂಡೋ, ಎಲ್ಲಾ ಬರೆದುಕೊಳ್ಳಿ. ಮೇಲಿನಿಂದ, ಪಕ್ಕದಿಂದ, ತಲೆಯ ಹತ್ತಿರದಿಂದ ಫೋಟೊ ತೆಗೆಯಿರಿ. ಏಳನೇ ಬೋಗಿಯ ಅಡಿ ನಡೆಯುವ ಕಾಲಿಲ್ಲದೆ ಖಾಲಿ ಕಂಡರೆ ಅದು ಗಂಡು. ಅಲ್ಲಿನ ಕಾಲು ಹೆಣ್ಣಿನ ಜೊತೆ ಕೂಡುವುದಕ್ಕೆಂದೇ ರೂಪ ಬದಲಿಸಿರುತ್ತದೆ. ಜಾತಿಯ ನಿಖರ ಹೆಸರು ಹೇಳಲು ತಜ್ಞರು ಆ ಭಾಗವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಫೋಟೊದಲ್ಲಿ ಅದು ಸಿಗುವುದು ಕಷ್ಟ. ಹಾಗಾಗಿ ನನ್ನ ನೋಟ್‌ಬುಕ್‌ನಲ್ಲಿ ಹೆಸರಿನ ಜಾಗದಲ್ಲಿ ಇವತ್ತಿಗೂ ‘ದುಂಡ, ಕರಿ, ಕೆಂಪು ಕಾಲು, 58 ಬೋಗಿ’ ಅಂತಲೇ ಇದೆ.