ಸಿಂಧನೂರಿನಲ್ಲಿ ಕೂತು ಓದುವ ಗೆಳೆಯರನ್ನು ಹುಡುಕಿಕೊಂಡ ಬಗೆ

ನಮ್ಮದು ಭತ್ತದ ಊರು. ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಬರುತ್ತದೆ, ಎಲ್ಲಿ ನೋಡಿದರೂ ಅಕ್ಕಿ ಗಿರಣಿ. ಪುಸ್ತಕದಂಗಡಿಗಳೂ ಇವೆ. ಆದರೆ ಅಲ್ಲಿ ಸಿಗುವುದು ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಯ ಗೈಡುಗಳು ಮತ್ತು ಶಾಲೆಯ ನೋಟ್ಸು. ಕಾದಂಬರಿ ಕೇಳಿದರೆ ಅಂಗಡಿಯವರು ಯಾವ ಕ್ಲಾಸಿನ ಸಿಲೆಬಸ್ಸಿನದು ಅಂತ ಕೇಳುತ್ತಾರೆ. ಊರಲ್ಲಿ ಓದುವವರು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕ್ರಿಕೆಟ್ ಆಡುವವರು ಮೈದಾನದಲ್ಲಿ ಕಾಣುತ್ತಾರೆ, ಓದುವವರು ಮನೆಯೊಳಗಿರುತ್ತಾರೆ. ಒಬ್ಬರಿಗೊಬ್ಬರು ಸಿಗುವುದು ಕಷ್ಟ.

ಹೊಸದಾಗಿ ಓದಲು ಶುರುಮಾಡಿದ ಹುಡುಗ ಹುಡುಗಿಯರು ಈಗಲೂ ನನ್ನನ್ನು ಕೇಳುತ್ತಾರೆ: ಜೊತೆಗೆ ಓದುವವರು ಎಲ್ಲಿ ಸಿಗುತ್ತಾರೆ? ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ನನಗೆ ಸಿಕ್ಕಿದ್ದು ಮೊಬೈಲಿನಲ್ಲಿ, 2020ರಲ್ಲಿ.

ಆಗ ಡಿಗ್ರಿ ಓದುತ್ತಿದ್ದೆ. ಲಾಕ್‌ಡೌನ್ ಆಗಿ ಕಾಲೇಜು ಮುಚ್ಚಿತ್ತು, ಲೈಬ್ರರಿಯೂ ಮುಚ್ಚಿತ್ತು. ಸೆಪ್ಟೆಂಬರ್ 8ರಂದು, ತೇಜಸ್ವಿಯವರ ಹುಟ್ಟುಹಬ್ಬದ ದಿನ, ಫೇಸ್‌ಬುಕ್‌ನಲ್ಲಿ ಒಬ್ಬರು ‘ಕರ್ವಾಲೊ’ ಬಗ್ಗೆ ಬರೆದಿದ್ದರು. ಟೆಲಿಗ್ರಾಂನಲ್ಲಿ ಒಂದು ಗುಂಪು ಇದೆ, ವಾರಕ್ಕಿಷ್ಟು ಅಂತ ಒಟ್ಟಿಗೆ ಓದುತ್ತೇವೆ, ಬರುವವರು ಬನ್ನಿ ಅಂದಿದ್ದರು. ನನಗೆ ಮಂದಣ್ಣ ಅಂದರೆ ಬಹಳ ಇಷ್ಟ. ಕರ್ವಾಲೊ ಅವರಂಥ ವಿಜ್ಞಾನಿ ಹಾರುವ ಓತಿಯ ಬೆನ್ನು ಹತ್ತಿದಾಗ, ಕಾಡನ್ನು ಅವರಿಗಿಂತ ಹತ್ತಿರದಿಂದ ನೋಡಿದವನು ಹಳ್ಳಿಯ ಮಂದಣ್ಣ, ಅಲ್ವಾ. ಅದನ್ನೇ ನಾಲ್ಕು ಸಾಲು ಬರೆದು ಅವರಿಗೆ ಕಳಿಸಿದೆ. ಅವತ್ತೇ ಲಿಂಕ್ ಬಂತು.

ಅವ್ವನಿಗೆ ಭಯ. "ಯಾರೋ ಏನೋ ಗೊತ್ತಿಲ್ಲ, ನಂಬರ್ ಕೊಡಬ್ಯಾಡ ನೋಡವ್ವ" ಅಂದಳು. ಅವಳು ಹೇಳಿದ್ದು ಸರಿಯೇ. ವಾಟ್ಸಾಪ್ ಗುಂಪಿಗೆ ಸೇರಿದರೆ ನಮ್ಮ ನಂಬರ್ ಅಲ್ಲಿರುವ ಎಲ್ಲರಿಗೂ ಕಾಣುತ್ತಿತ್ತು. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಟ್ಟು ಬರೀ ಯೂಸರ್‌ನೇಮ್ ಇಟ್ಟುಕೊಳ್ಳಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ನಂಬರ್ ಯಾರಿಗೂ ಕಾಣದ ಹಾಗೆ ಮಾಡಿ, ಪ್ರೊಫೈಲ್‌ನಲ್ಲಿದ್ದ ನನ್ನ ಫೋಟೋ ತೆಗೆದುಹಾಕಿ, ಆಮೇಲೆ ಸೇರಿದೆ. ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದೇ. ಮನುಷ್ಯರನ್ನು ಸರಿಯಾಗಿ ತಿಳಿದುಕೊಳ್ಳುವ ಮೊದಲು ನಂಬರ್ ಕೊಡಬೇಕಾಗಿಲ್ಲ. ಒಳ್ಳೆಯ ಓದುಗರು ಅದನ್ನು ಕೇಳುವುದೂ ಇಲ್ಲ.

ಗುಂಪಿನಲ್ಲಿ ಎಲ್ಲ ಕಡೆಯವರಿದ್ದರು. ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕ, ಶಿವಮೊಗ್ಗದ ರಿಟೈರ್ಡ್ ಮೇಷ್ಟ್ರು, ಉಡುಪಿಯ ಬ್ಯಾಂಕ್ ಉದ್ಯೋಗಿ, ಬೆಂಗಳೂರಿನ ಐಟಿಯವರು, ದುಬೈನಲ್ಲಿ ಕೆಲಸ ಮಾಡುವ ಮಂಗಳೂರಿನವರು. ಮೊದಲ ವಾರ ಸುಮ್ನೆ ನೋಡುತ್ತಿದ್ದೆ. ಒಂದು ವಿಷಯ ಬೇಗ ಅರ್ಥವಾಯಿತು. ಯಾರಾದರೂ "ಅದ್ಭುತ ಕಾದಂಬರಿ" ಅಂತ ಬರೆದರೆ ಹೆಬ್ಬೆಟ್ಟಿನ ಚಿತ್ರ ಬೀಳುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದೇ ಯಾರಾದರೂ ಒಂದು ಜಾಗವನ್ನು ಹಿಡಿದು "ಇವಳು ಇಲ್ಲಿ ಯಾಕೆ ಸುಮ್ಮನಾದಳು?" ಅಂತ ಕೇಳಿದರೆ ಮಧ್ಯರಾತ್ರಿವರೆಗೂ ಮಾತು ನಡೆಯುತ್ತದೆ. ಆವತ್ತಿನಿಂದ ನಾನು ಬರೀ ಮೆಚ್ಚುಗೆ ಬರೆಯುವುದಿಲ್ಲ. ಓದುವಾಗ ಪೆನ್ಸಿಲ್ ಇಟ್ಟುಕೊಂಡು ಗೆರೆ ಹಾಕುತ್ತೇನೆ, ಗೆರೆ ಬಿದ್ದ ಕಡೆಯಿಂದ ಒಂದು ಪ್ರಶ್ನೆ ಕೇಳುತ್ತೇನೆ.

2021ರ ಬೇಸಿಗೆಯಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದೆವು. ಏಳುನೂರು ಪುಟದ ಹತ್ತಿರದ ಕಾದಂಬರಿ, 1967ರಲ್ಲಿ ಬಂದದ್ದು. ಒಬ್ಬಳೇ ಓದಲು ಹೋಗಿ ಹಿಂದೆ ಅರ್ಧಕ್ಕೆ ಬಿಟ್ಟಿದ್ದೆ. ಅಷ್ಟೊಂದು ಮನೆತನಗಳು, ಅಷ್ಟೊಂದು ಹೆಸರುಗಳು. ಈ ಸಲ ಗುಂಪಿನಲ್ಲಿ ಒಬ್ಬರು ಯಾರ ಮನೆ ಯಾವುದು, ಯಾರು ಯಾರ ಮಗ ಅಂತ ಕಾಗದದ ಮೇಲೆ ಬರೆದು ಫೋಟೋ ಹಾಕಿದರು. ಪ್ರತಿ ವಾರ ಅದಕ್ಕೆ ಹೊಸ ಹೆಸರು ಸೇರುತ್ತಿತ್ತು. ಒಬ್ಬೊಬ್ಬರ ಹತ್ತಿರ ಒಂದೊಂದು ಮುದ್ರಣವಿತ್ತು, ಪುಟದ ಸಂಖ್ಯೆ ಹೊಂದುತ್ತಿರಲಿಲ್ಲ. ಅದಕ್ಕೇ ಅಧ್ಯಾಯದ ಸಂಖ್ಯೆ ಹೇಳಿ ಮಾತಾಡುವುದು ರೂಢಿಯಾಯಿತು. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಇದು ಸರಿಯಿಲ್ಲದಿದ್ದರೆ ಜನ ಎರಡನೇ ವಾರಕ್ಕೇ ಕಳಚಿಕೊಳ್ಳುತ್ತಾರೆ.

ಹೊರಗೆ ನಲವತ್ತು ಡಿಗ್ರಿ ಬಿಸಿಲು. ನಾನು ಫ್ಯಾನಿನ ಕೆಳಗೆ ಕೂತು ಮಲೆನಾಡಿನ ಮಳೆ ಓದುತ್ತಿದ್ದೆ. ಇಂಬಳ ನಾನು ಕಂಡೇ ಇರಲಿಲ್ಲ. ಕಾಲಿಗೆ ಹತ್ತಿ ರಕ್ತ ಹೀರಿದರೂ ಗೊತ್ತಾಗುವುದಿಲ್ಲವಂತೆ, ಅದು ಹೇಗೆ ಅಂತ ಕೇಳಿದೆ. ತೀರ್ಥಹಳ್ಳಿ ಅಕ್ಕ ಉದ್ದದ ವಾಯ್ಸ್ ಮೆಸೇಜ್ ಕಳಿಸಿದರು. ಮಳೆಗಾಲದಲ್ಲಿ ತೋಟಕ್ಕೆ ಹೋಗುವ ಮುಂಚೆ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳುವುದು, ಹತ್ತಿದ ಇಂಬಳದ ಮೇಲೆ ಉಪ್ಪು ಹಾಕಿದರೆ ಉದುರಿಬೀಳುವುದು, ಬಿಟ್ಟ ಮೇಲೂ ಗಾಯದಿಂದ ರಕ್ತ ನಿಲ್ಲದೆ ಇಳಿಯುವುದು, ಎಲ್ಲ ಹೇಳಿದರು. ಅವರು ಮಾತಾಡುವಾಗ ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಮಾರನೇ ದಿನ ತವರುಮನೆ ಅಟ್ಟದಲ್ಲಿದ್ದ ಗೊರಬಿನ ಫೋಟೋ ಬಂತು. ಎಲೆ, ಬಿದಿರಿನ ಸೀಳು ಸೇರಿಸಿ ಹೆಣೆದದ್ದು. ನೆಟ್ಟಿ ಮಾಡುವಾಗ ಬಗ್ಗಿದರೂ ತಲೆಯಿಂದ ಸೊಂಟದವರೆಗೆ ನೆನೆಯುವುದಿಲ್ಲ. ಒಂದು ಅಂಚಿನಲ್ಲಿ ಎಲೆ ಹರಿದು ಕಡ್ಡಿ ಹೊರಗೆ ಬಂದಿತ್ತು. ಭತ್ತ ನಮ್ಮಲ್ಲೂ ನಾಟಿ ಮಾಡುತ್ತಾರೆ, ಆದರೆ ಕಾಲುವೆ ನೀರಿನಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಬಿಸಿಲಲ್ಲಿ. ಅದೇ ಬೆಳೆ, ಬೇರೆಯೇ ಲೋಕ. ಆ ಫೋಟೋ ನೋಡಿದ ಮೇಲೆ ಕಾದಂಬರಿಯ ಹೆಂಗಸರು ನನ್ನ ಕಣ್ಣಿಗೆ ಕಟ್ಟಿದರು.

2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಇದನ್ನು ರಾತ್ರಿಯಿಡೀ ನಡೆಯುವ ನಾಟಕ ಮಾಡಿದ್ದರು. ಅದನ್ನು ಬೆಳಗಿನವರೆಗೆ ಕೂತು ನೋಡಿದ ಒಬ್ಬರು ಗುಂಪಿನಲ್ಲಿದ್ದರು. ದೃಶ್ಯ ಬದಲಾದಂತೆ ಜನ ಚಾಪೆ, ಹೊದಿಕೆ ಎತ್ತಿಕೊಂಡು ಬೇರೆ ರಂಗದ ಮುಂದೆ ಹೋಗಿ ಕೂರುತ್ತಿದ್ದುದನ್ನು ಅವರು ಹೇಳಿದ್ದನ್ನು ನಾನು ಎರಡೆರಡು ಸಲ ಓದಿದೆ. ಕೊನೆಯ ಅಧ್ಯಾಯ ಮುಗಿದ ರಾತ್ರಿ ಯಾರೂ ಚರ್ಚೆ ಮಾಡಲಿಲ್ಲ. ಓದದವರಿಗೆ ನಾನು ಬಿಡಿಸಿ ಹೇಳುವುದಿಲ್ಲ, ಓದಿದವರಿಗೆ ಗೊತ್ತು: ತುಂಗೆ, ಮಳೆಗಾಲದ ನೀರು, ಗುತ್ತಿಯ ನಾಯಿ ಹುಲಿಯ. ಅವತ್ತು ಎಲ್ಲರೂ ತಮ್ಮ ಮನೆಯಲ್ಲಿದ್ದ ನಾಯಿಗಳ ಬಗ್ಗೆ ಬರೆದರು. ಬೇರೇನೂ ಬರೆಯಲಿಲ್ಲ.

ಅದೇ ಮೇ ತಿಂಗಳಲ್ಲಿ ಕ್ಲಬ್‌ಹೌಸ್ ಅನ್ನುವ, ಬರೀ ದನಿಯಲ್ಲಿ ಮಾತಾಡುವ ಆಪ್ ಆಂಡ್ರಾಯ್ಡ್ ಫೋನಿಗೂ ಬಂತು. ಕೊರೊನಾದ ಎರಡನೇ ಅಲೆ, ದಿನಾ ಸಾವಿನ ಸುದ್ದಿ. ಯಾರಿಗೂ ಓದಲು ಮನಸ್ಸಿರಲಿಲ್ಲ. ಶಿವಮೊಗ್ಗದ ಮೇಷ್ಟ್ರು ಗಮಕ ಕಲಿತವರು. ರಾತ್ರಿ ಒಂಬತ್ತಕ್ಕೆ ಒಂದು ಕೋಣೆ ತೆರೆದು ಕುಮಾರವ್ಯಾಸನ ವಿರಾಟಪರ್ವ ಓದಲು ಶುರುಮಾಡಿದರು. ನಾನು ಸ್ಪೀಕರ್ ಹಾಕಿ ಪಡಸಾಲೆಯಲ್ಲಿ ಫೋನ್ ಇಟ್ಟೆ. ನಮ್ಮ ಮುತ್ಯಾ ಶಾಲೆಗೆ ಹೋದವನಲ್ಲ. ಆದರೆ ಮಳೆ ಹೋದಾಗ ಊರಲ್ಲಿ ವಿರಾಟಪರ್ವ ಓದಿಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕೇಳಿದವನು. ಗೋಡೆಗೆ ಒರಗಿ ಕೂತು ಕೇಳಿದ. "ಚಂದ ಓದ್ಯಾರ, ಇನ್ನೊಂದ್ ಪದ ಹೇಳಸವ್ವ" ಅಂದ. ನಾನು ಮೈಕ್ ಆನ್ ಮಾಡಿ ಮೇಷ್ಟ್ರಿಗೆ ಹೇಳಿದೆ. "ಅಜ್ಜಾರಿಗೆ ನಮಸ್ಕಾರ ಹೇಳಮ್ಮ" ಅಂದು ಮೇಷ್ಟ್ರು ಇನ್ನೊಂದು ಪದ್ಯ ಎತ್ತಿಕೊಂಡರು. ನನ್ನ ಓದು ಮನೆಯವರಿಗೆ ನನ್ನೊಬ್ಬಳ ಚಟದಂತೆ ಕಾಣುವುದು ಅವತ್ತಿಗೆ ನಿಂತಿತು. ಅವ್ವ ಆಮೇಲೆ ಎಂದೂ ಯಾರೋ ಏನೋ ಅನ್ನಲಿಲ್ಲ.

ಅಲ್ಲಿಯವರೆಗೆ ನಾನು ಗುಂಪಿನಲ್ಲಿ ಪುಸ್ತಕದ ಕನ್ನಡದಲ್ಲೇ ಬರೆಯುತ್ತಿದ್ದೆ, ಮಾತಾಡುವುದು ಕಡಿಮೆ. ಆಮೇಲೆ ಗೀತಾ ನಾಗಭೂಷಣ ಅವರ ‘ಬದುಕು’ ತೆಗೆದುಕೊಂಡೆವು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ, ಕಲಬುರಗಿ ಸೀಮೆಯ ಮಾತು. ಉಡುಪಿಯವರು, ಬೆಂಗಳೂರಿನವರು ಮೊದಲ ಪುಟಗಳಲ್ಲೇ ತಡವರಿಸಿದರು. ಓದಲು ಆಗುತ್ತಿಲ್ಲ, ಬೇರೆ ತೆಗೆದುಕೊಳ್ಳೋಣವಾ ಅಂತ ಒಬ್ಬರು ಕೇಳಿದರು. ನನಗೆ ಅದು ನಮ್ಮ ಮನೆಯ ಕಟ್ಟೆಯ ಮೇಲಿನ ಮಾತು. ಎರಡು ಪುಟ ಗಟ್ಟಿಯಾಗಿ, ನಮ್ಮವರು ಹೇಗೆ ಆಡುತ್ತಾರೋ ಹಾಗೇ ಓದಿ ರೆಕಾರ್ಡ್ ಮಾಡಿ ಹಾಕಿದೆ. ಬೈಗುಳ ಬಂದಲ್ಲಿ ಬೈದೆ, ಅಳು ಬಂದಲ್ಲಿ ದನಿ ಎಳೆದೆ. ಕೇಳಿದ ಮೇಲೆ ಎಲ್ಲರಿಗೂ ದಾರಿ ಸಿಕ್ಕಿತು. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಸಲೀಸಾಯಿತು. ದುಬೈನವರು ದಿನಾ ಆಫೀಸಿಗೆ ಹೋಗುವಾಗ ಕಾರಿನಲ್ಲಿ ಕೇಳುತ್ತೇನೆ, ಮುಂದಿನದು ಹಾಕಿ ಅಂದರು. ನಮ್ಮ ಕಡೆಯ ಮಾತು ಅಂದರೆ ಸಿನಿಮಾದಲ್ಲಿ ನಗಿಸಲು ಇಟ್ಟದ್ದು ಅಂತ ತಿಳಿದವರೇ ಜಾಸ್ತಿ. ಇಲ್ಲಿ ಅದನ್ನು ಜನ ಕಾದು ಕೇಳುತ್ತಿದ್ದರು. ನಾನು ಆ ಗುಂಪಿನವಳಾದದ್ದು ನಿಜವಾಗಿ ಆಗ.

ಗುಂಪು ಬೆಳೆಯುತ್ತಾ ಹೋಯಿತು. ದೊಡ್ಡದಾದ ಹಾಗೆ ಶುಭೋದಯದ ಹೂವಿನ ಚಿತ್ರ, ಫಾರ್ವರ್ಡ್, ರಾಜಕೀಯ, ಎಲ್ಲ ನುಗ್ಗಿದವು. ಓದಿನ ಮಾತು ಮೇಲೆ ಹೋಗಿ ಕಳೆದುಹೋಗುತ್ತಿತ್ತು. ಆಗ ಹತ್ತು ಹನ್ನೆರಡು ಜನರ ಬೇರೆ ಗುಂಪು ಶುರುಮಾಡಿದೆ. ಇಷ್ಟು ಜನ ಇದ್ದರೆ ಯಾರು ಬರಲಿಲ್ಲ ಅಂತ ಗೊತ್ತಾಗುತ್ತದೆ, ವಿಚಾರಿಸಬಹುದು. ಭಾನುವಾರ ರಾತ್ರಿ ಒಂದು ಗಂಟೆ ಮಾತು. ಮುಂದಿನ ಕಥೆ ಹೇಳುವುದಿದ್ದರೆ ಟೆಲಿಗ್ರಾಂನಲ್ಲಿ ಅಕ್ಷರ ಮಸುಕು ಮಾಡುವ ಸೌಲಭ್ಯ ಇದೆ, ಅದನ್ನು ಬಳಸಬೇಕು. ಕನ್ನಡವನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕು. ಟೈಪ್ ಮಾಡಲು ಬಾರದಿದ್ದರೆ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಹೇಳಿದರೂ ಸಾಕು.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಗಟ್ಟಿ. ಪಿಡಿಎಫ್. ಓದುವ ಗುಂಪು ಅಂದ ಕೂಡಲೇ "ಪಿಡಿಎಫ್ ಇದ್ರೆ ಹಾಕಿ" ಅಂತ ಶುರುವಾಗುತ್ತದೆ. ಭಾರತದಲ್ಲಿ ಬರಹಗಾರರು ತೀರಿಕೊಂಡು 60 ವರ್ಷ ಆಗುವವರೆಗೆ ಅವರು ಬರೆದದ್ದರ ಹಕ್ಕು ಅವರ ಮನೆಯವರದು, ಪ್ರಕಾಶಕರದು. ಅಚ್ಚಾಗುವುದೇ ಸಾವಿರ ಪ್ರತಿಯಾದರೆ, ಆ ಪುಸ್ತಕದ ಪಿಡಿಎಫ್ ಐನೂರು ಜನರಿಗೆ ಹೋದ ಮೇಲೆ ಇನ್ನೇನು ಉಳಿಯಿತು? ನಾವು ಪ್ರೀತಿಸುವ ಬರಹಗಾರರಿಗೆ ನಾವೇ ಅನ್ಯಾಯ ಮಾಡಬಾರದು. ದುಡ್ಡಿಲ್ಲದವರು ಇರುತ್ತಾರೆ, ನನಗೂ ಇರಲಿಲ್ಲ. ಅದಕ್ಕೆ ದಾರಿಗಳಿವೆ. ಗ್ರಾಮ ಪಂಚಾಯಿತಿಯ ಲೈಬ್ರರಿಯಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಕೇಳಬಹುದು. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇರುತ್ತದೆ, ನಾವು ಆಗ ಒಟ್ಟಿಗೆ ಆರ್ಡರ್ ಹಾಕುತ್ತೇವೆ, ಅಂಚೆ ಖರ್ಚು ಹಂಚಿಹೋಗುತ್ತದೆ. ಓದಿ ಮುಗಿಸಿದವರು ಪ್ರತಿಯನ್ನು ಅಂಚೆಯಲ್ಲಿ ಮುಂದಿನವರಿಗೆ ಕಳಿಸುತ್ತಾರೆ. ಒಂದು ಪ್ರತಿ ಹೀಗೆ ಸಿಂಧನೂರಿನಿಂದ ಉಡುಪಿಗೆ ಹೋಗಿ, ಅಲ್ಲಿಂದ ಹೊನ್ನಾಳಿಗೆ ಹೋಗಿ, ಅಂಚಿನಲ್ಲಿ ಮೂವರ ಪೆನ್ಸಿಲ್ ಗೆರೆ ಹೊತ್ತು ವಾಪಸ್ ಬಂತು. ಅದನ್ನು ನಾನು ಯಾರಿಗೂ ಮಾರುವುದಿಲ್ಲ.

ಇನ್ನು ಹಕ್ಕು ಮುಗಿದವು ಬೇಕಾದಷ್ಟಿವೆ. ಹೊಸ ಗುಂಪಿನ ಮೊದಲ ಓದಿಗೆ ನಾನು ಆರಿಸಿದ್ದು ಕೊಡಗಿನ ಗೌರಮ್ಮನವರ ಕಥೆಗಳು. ಅವರು 1939ರಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ 27. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅಂತ ಬರೆಯುತ್ತಿದ್ದರು. ಚಿಕ್ಕ ಚಿಕ್ಕ ಕಥೆಗಳು, ಒಂದು ರಾತ್ರಿಗೆ ಒಂದು ಓದಬಹುದು, ಹೊಸಬರಿಗೆ ಭಾರವಾಗುವುದಿಲ್ಲ. ಸುಮಾರು ನನ್ನ ವಯಸ್ಸಿನ ಒಬ್ಬಳು ಹೆಣ್ಣುಮಗಳು ಆ ಕಾಲದಲ್ಲಿ ವಿಧವೆಯರ ಬಗ್ಗೆ, ಮದುವೆಯ ಬಗ್ಗೆ ಇಷ್ಟು ಬಿಚ್ಚುಮನಸ್ಸಿನಿಂದ ಬರೆದಳಲ್ಲ ಅಂತ ನಮಗೆಲ್ಲ ಹೆಮ್ಮೆಯಾಯಿತು.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಕನ್ನಡ ಸಾಹಿತ್ಯ ಸಮ್ಮೇಳನ ಆಯಿತು. ನಾವು ಏಳೆಂಟು ಜನ ಅಲ್ಲಿ ಸೇರಿದೆವು. ಅಪ್ಪನನ್ನು ಕರೆದುಕೊಂಡೇ ಹೋದೆ. ಪುಸ್ತಕ ಮಳಿಗೆಗಳ ಗದ್ದಲದಲ್ಲಿ ಯಾರು ಯಾರೆಂದು ಗುರುತು ಹಿಡಿದದ್ದು ದನಿಯಿಂದ. ತೀರ್ಥಹಳ್ಳಿ ಅಕ್ಕ ಕೊಟ್ಟೆಕಡುಬು ಕಟ್ಟಿಕೊಂಡು ಬಂದಿದ್ದರು, ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆ. ಊಟ ಮಾಡಿ, ಧೂಳಿನಲ್ಲಿ ತಿರುಗಿ, ಹೊರಲಾರದಷ್ಟು ಪುಸ್ತಕ ಕೊಂಡೆವು. ಅಪ್ಪ ಚೀಲ ಹೊತ್ತು ಹಿಂದೆ ಬರುತ್ತಿದ್ದ.

ಗುಂಪು ನಡೆಸುವವರಿಗೆ ಇನ್ನೊಂದು ಮಾತು. ಬರೆಯದವರನ್ನು ತೆಗೆದುಹಾಕಬೇಡಿ. ನಮ್ಮಲ್ಲಿ ಒಬ್ಬರು ತಿಂಗಳುಗಟ್ಟಲೆ ಒಂದಕ್ಷರ ಬರೆಯಲಿಲ್ಲ. ತೆಗೆಯೋಣ ಅಂತ ಒಂದಿಬ್ಬರು ಅಂದರು, ನಾನು ಬಿಡಲಿಲ್ಲ. ಒಂದು ದಿನ ಅವರೇ ನನಗೆ ಮೆಸೇಜ್ ಮಾಡಿದರು. ರಾತ್ರಿ ಪಾಳಿಯ ವಾಚ್‌ಮನ್ ಕೆಲಸ, ಭಾನುವಾರದ ಮಾತನ್ನು ಗೇಟಿನ ಹತ್ತಿರ ಕೂತು ಕೇಳುತ್ತೇನೆ, ಓದಿರುವುದು ಏಳನೇ ಕ್ಲಾಸ್, ತಪ್ಪು ಬರೆದೇನು ಅಂತ ಬರೆಯುವುದಿಲ್ಲ ಅಂದರು. ನಿಮಗೆ ಓದಲು ಆಗುತ್ತದಾ ಅಂತ ಕೇಳಿದೆ. "ಓದೋದು ಬರ್ತದ ಮೇಡಂ, ನಿಧಾನ" ಅಂದರು. ಮುಂದಿನ ಭಾನುವಾರ ಗೌರಮ್ಮನವರ ಒಂದು ಕಥೆಯ ಮೊದಲ ಪುಟ ಅವರೇ ಓದಿದರು, ನಿಜವಾಗಲೂ ನಿಧಾನವಾಗಿ. ಆ ನಿಧಾನದಲ್ಲಿ ಒಂದೊಂದು ಸಾಲೂ ನೆಟ್ಟಗೆ ಕೇಳಿತು. ಈಗ ಎಲ್ಲ ಓದೂ ಅವರಿಂದಲೇ ಶುರು.

ಮುಂದಿನ ಪುಸ್ತಕ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’. ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರು ಇದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಹಾಗಾಗಿ ಈ ಸಲ ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಗಳನ್ನೇ ಜಾಸ್ತಿ ಸೇರಿಸಿಕೊಳ್ಳುತ್ತಿದ್ದೇವೆ. ವಾರಕ್ಕೆ ಮೂರು ಅಧ್ಯಾಯ, ಭಾನುವಾರ ರಾತ್ರಿ ಒಂಬತ್ತಕ್ಕೆ ಮಾತು.