ಹಳೆಯ ಚೀಟಿ ಬಟ್ಟೆ ಕೊಳ್ಳುವ ಮುನ್ನ

ಚೀಟಿ ಎಂದರೆ ಹೂಬಳ್ಳಿಗಳನ್ನು ಕೈಯಿಂದ ಬರೆದ ಇಲ್ಲವೇ ಅಚ್ಚು ಹಾಕಿದ ಹತ್ತಿ ಬಟ್ಟೆ, ಇಂಗ್ಲಿಷಿನ ಚಿಂಟ್ಜ್. ವ್ಯಾಪಾರಿ ಕಥೆ ಶುರು ಮಾಡಿದೊಡನೆ ನಾನು ಬಟ್ಟೆಯನ್ನು ಮಗುಚಿ ಹಾಕುತ್ತೇನೆ. ಹದಿನೆಂಟನೇ ಶತಮಾನದ, ಆಂಧ್ರ ಕರಾವಳಿಯ ಮಚಲಿಪಟ್ಟಣದ ಮಾಲು, ಲಂಡನ್ನಿನ ದೊಡ್ಡ ಮನೆಯ ಮಂಚದ ಮೇಲಿತ್ತು ಎಂಬುದೆಲ್ಲ ಆಮೇಲೆ. ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ ಸಿಕ್ಕರೆ ಅದೃಷ್ಟ. ಸಿಗದಿದ್ದರೂ ಬಟ್ಟೆಯನ್ನು ತಳ್ಳಿಹಾಕಬೇಡಿ. ಪರದೆ ಹೊಲಿಯುವಾಗ ಅಂಚು ಕತ್ತರಿಗೆ ಸಿಕ್ಕಿರಬಹುದು.

ಅಂಚು ಉಳಿದಿದ್ದರೆ ಅದನ್ನು ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಮೂರು ನೀಲಿ ಎಳೆ ಓಡಿದ್ದರೆ ಅದು ಮಚಲಿಪಟ್ಟಣದ್ದಲ್ಲ, ಚೌಕಾಸಿ ಅಲ್ಲಿಗೇ ಬಿಡಿ. 1774ರಿಂದ 1811ರವರೆಗೆ ಬ್ರಿಟನ್ನಿನಲ್ಲೇ ನೇಯ್ದು ಅಚ್ಚು ಹಾಕಿದ ಹತ್ತಿ ಬಟ್ಟೆಗೆ ಕಾನೂನು ವಿಧಿಸಿದ್ದ ಗುರುತು ಅದು.

ಈಗ ಭೂತಗನ್ನಡಿ ತೆಗೆಯಿರಿ. ಅಚ್ಚಿನ ಬಟ್ಟೆಯಲ್ಲಿ ಒಂದು ಹೂವಿನ ತಪ್ಪು ಮುಂದಿನ ಹೂವಿನಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ಕಲಮಿನಿಂದ, ಎಂದರೆ ಲೇಖನಿಯಿಂದ, ಕೈಯಲ್ಲೇ ಬರೆದ ಕೆಲಸದಲ್ಲಿ ಹಾಗಾಗದು. ಎಡಬಲದ ಕೊಂಬೆಗಳು ಕನ್ನಡಿಯ ಬಿಂಬದಂತಿದ್ದರೆ ಅನುಮಾನ ಪಡಬೇಡಿ. ತೂತು ಹಾಕಿದ ಕಾಗದದ ಮೇಲೆ ಇದ್ದಿಲ ಪುಡಿ ಉಜ್ಜಿ ಹೊರಗೆರೆ ಇಳಿಸುತ್ತಿದ್ದರು. ನೋಡಬೇಕಾದದ್ದು ಎಲೆಯ ಒಳಗಿನ ಗೆರೆ, ಚುಕ್ಕೆಗಳನ್ನು. ಅಲ್ಲಿ ಎರಡು ಎಲೆಗಳು ಒಂದೇ ತೆರನಾಗಿರುವುದಿಲ್ಲ. ಕೆಂಪು ದಳಗಳ ನಡುವಿನ ಕೂದಲೆಳೆಯಂಥ ಬಿಳಿ ಗೆರೆಗಳು ಮೇಣದಿಂದ ಬರೆದವು. ನೀಲಿಯ ಸುತ್ತ ಸಣ್ಣ ಬಿರುಕಿನಂಥ ಗೀಟುಗಳಿದ್ದರೆ ನನಗೆ ಖುಷಿ. ನೀಲಿ ಬೇಡವಾದ ಜಾಗಕ್ಕೆಲ್ಲ ಮೇಣ ಬಳಿದು ಬಟ್ಟೆಯನ್ನು ತೊಟ್ಟಿಗೆ ಇಳಿಸಿದಾಗ, ಮೇಣ ಬಿರಿದಲ್ಲಿ ಬಣ್ಣ ನುಸುಳಿದ ಗುರುತು ಅದು.

ಎಲೆಗಳು ನೀಲಿಯಾಗಿವೆ ಎಂದು ಬೆಲೆ ಇಳಿಸಲು ಹೋಗಬೇಡಿ. ನೀಲಿಯ ಮೇಲೆ ಹಳದಿ ಬಳಿದು ಹಸಿರು ಮಾಡುತ್ತಿದ್ದರು. ಹಳದಿ ಬಿಸಿಲಿಗೆ ಹಾರಿಹೋಗಿದೆ. ಎರಡು ಶತಮಾನ ಕಿಟಕಿಯ ಪಕ್ಕ ತೂಗಿದ್ದ ಪರದೆಯಲ್ಲಿ ಎಲೆ ಹಸಿರಾಗೇ ಇದೆ ಎಂದರೆ ನಾನಂತೂ ನಂಬುವುದಿಲ್ಲ.

ಕೆಂಪು ನೆಲದ (ಹಿನ್ನೆಲೆಯ) ಬಟ್ಟೆ ಹಳೆಯದು, ಬಿಳಿ ನೆಲದ್ದು ಈಚಿನದು ಎಂಬ ವಾದವೂ ಬರುತ್ತದೆ. ಮಂಕು ಕೆಂಪು ನೆಲ ಬೇಡ, ಬಿಳಿ ಹೆಚ್ಚಿರಲಿ ಎಂದು ಕಂಪನಿಯ ನಿರ್ದೇಶಕರು 1643ರಲ್ಲೇ ಬರೆದಿದ್ದರು. ಹಾಗಾಗಿ ಬಿಳಿ ನೆಲವೊಂದನ್ನೇ ನೋಡಿ ಈಚಿನದೆನ್ನಲಾಗದು. ಹೋಲಿಸಲು ಹದಿನೆಂಟನೇ ಶತಮಾನದ ಇಂಗ್ಲಿಷ್ ನಟ ಡೇವಿಡ್ ಗ್ಯಾರಿಕ್ ಮನೆಯ ಮಂಚದ ಪರದೆಗಳ ಚಿತ್ರ ಮೊಬೈಲಿನಲ್ಲಿರಲಿ. ಸುಂಕದವರು ಜಪ್ತಿ ಮಾಡಿದ್ದ ಆ ಮಚಲಿಪಟ್ಟಣದ ಬಟ್ಟೆ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಕೊನೆಗೆ ಕಪ್ಪು ಗೆರೆಗಳ ಗುಂಟ ನೋಡಿ, ಎಳೆಯಬೇಡಿ. ಕಪ್ಪಿಗೆ ಬಳಸಿದ ಕಬ್ಬಿಣ ಹತ್ತಿಯನ್ನೇ ತಿನ್ನುತ್ತದೆ. ಕಾಂಡದ ಗೆರೆ ಉದುರಿ ಸೀಳಾಗಿರುವುದು ಹಳೆಯ ಬಟ್ಟೆಗಳಲ್ಲಿ ಸಾಮಾನ್ಯ. ಕೊಂಡ ಮೇಲೆ ಒಗೆಯಬೇಡಿ, ಇಸ್ತ್ರಿ ಬೇಡ, ಮಡಚಲೂ ಬೇಡಿ. ದಪ್ಪ ಕೊಳವೆಗೆ ಒಗೆದ ಬಿಳಿ ಹತ್ತಿ ಬಟ್ಟೆ ಹೊದಿಸಿ, ಅದರ ಮೇಲೆ ಸಡಿಲವಾಗಿ ಸುತ್ತಿ, ಬಿಸಿಲು ತಾಗದ ಕಡೆ ಇಡಿ.